ಬಾಗಿಲಲ್ಲಿ ಕೂರುವ ಹುಡುಗ

ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಒಂದು ನರ್ಸರಿಯಲ್ಲಿ ಆರು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ಅಲ್ಲಿ ಮೂರು-ನಾಲ್ಕು ವರ್ಷದ ಮಕ್ಕಳ ಕೈಗೇ ಕ್ಯಾಮೆರಾ ಕೊಟ್ಟು, ‘ನಿನಗಿಷ್ಟವಾದ ಜಾಗದ ಫೋಟೋ ತೆಗಿ’ ಅನ್ನುತ್ತೇವೆ. ಆಲಿಸನ್ ಕ್ಲಾರ್ಕ್ ಮತ್ತು ಪೀಟರ್ ಮಾಸ್ ರೂಪಿಸಿದ ಮೊಸಾಯಿಕ್ ವಿಧಾನ ಇದು. ಸರಿಯಾಗಿ ಮಾತು ಬಾರದ ಮಗುವೂ ಫೋಟೋದಲ್ಲಿ, ಚಿತ್ರದಲ್ಲಿ ಏನೋ ಹೇಳುತ್ತಿರುತ್ತದೆ, ಅಲ್ವಾ?

ಕಳೆದ ಚಳಿಗಾಲದಲ್ಲಿ ಒಬ್ಬ ಹುಡುಗ ಏಳು ಫೋಟೋ ತೆಗೆದ. ಏಳೂ ಗೋಡೆಯ ಹೀಟರಿನವೇ. ‘ಯಂತ್ರಗಳಲ್ಲಿ ಆಸಕ್ತಿ’ ಅಂತ ಬರೆದು ಫೈಲಿಗೆ ಸೇರಿಸಿದೆ. ಎರಡು ವಾರದ ಮೇಲೆ ಅವನಮ್ಮ ಕೋಟು ತೊಡಿಸುತ್ತಾ ಹೇಳಿದರು: ಮನೆಯ ಗ್ಯಾಸ್ ಮೀಟರಿಗೆ ಮುಂಚೆಯೇ ದುಡ್ಡು ಹಾಕಬೇಕು, ತಿಂಗಳ ಕೊನೆಗೆ ಅದು ಖಾಲಿ, ಮನೆಯ ಹೀಟರೂ ಬಂದ್. ಹುಡುಗ ಏಳು ಸಲ ಹೇಳಿದ್ದ. ನಾನೇ ದಡ್ಡಿ.

ಜನವರಿಯಲ್ಲಿ ಊರಿಗೆ ಬಂದೆ. ಮಳವಳ್ಳಿ ಹತ್ತಿರದ ಹಳ್ಳಿಯಲ್ಲಿ ನಮ್ಮ ಅತ್ತಿಗೆ ಅಂಗನವಾಡಿ ಟೀಚರ್. ಒಂದು ಬೆಳಿಗ್ಗೆ ಸುಮ್ನೆ ಹೋಗಿ ಕೂತೆ. ಒಬ್ಬ ಹುಡುಗ ಮಾತ್ರ ಹೊಸ್ತಿಲ ಹತ್ತಿರ, ಮುಖ ರಸ್ತೆಗೆ. ಬಳ್ಳಾರಿ ಕಡೆಯಿಂದ ಕಬ್ಬು ಕಡಿಯೋಕೆ ಬಂದವರ ಮಗು. ಮನೆಮಾತು ಲಂಬಾಣಿ, ಕನ್ನಡ ನಾಲ್ಕು ಮಾತು ಬಂದರೆ ಜಾಸ್ತಿ.

‘ಒಳಗೆ ಕೂರಿಸಬಾರದಾ ಅತ್ತಿಗೆ?’

‘ಬೇಡ ಕಣೆ. ಅಲ್ಲಿ ಕೂತ್ರೆ ಅವನಿಗೆ ಟ್ರ್ಯಾಕ್ಟರ್ ಕಾಣ್ತದೆ. ಅದು ಹೊರಟ್ರೆ ತನ್ನ ಬಿಟ್ಟು ಹೋಗ್ಬಿಡ್ತಾರೆ ಅಂತ ಭಯ. ಮೂರು ದಿನ ಎಳ್ಕೊಂಡು ಹೋಗಿ ಒಳಗೆ ಕೂರಿಸ್ದೆ. ಟ್ರ್ಯಾಕ್ಟರ್ ಸದ್ದಾದಾಗೆಲ್ಲ ಚಡ್ಡಿ ಒದ್ದೆ.’

ನಾಲ್ಕನೇ ದಿನದಿಂದ ಅವನ ಚಾಪೆ, ಅನ್ನದ ತಟ್ಟೆ ಎರಡೂ ಬಾಗಿಲಿಗೇ ಬಂದವು.

ನಮ್ಮೂರೇ ವಾಸಿ ಅಂತ ಹೇಳ್ತಿಲ್ಲ. ಅದೇ ಕೋಣೆಯಲ್ಲಿ ‘ಕೈ ಕಟ್ಟು, ಬಾಯಿ ಮುಚ್ಚು’ ಅನ್ನೋದನ್ನೂ ಹತ್ತು ಸಲ ಕೇಳಿದೆ. ನಮ್ಮ ನರ್ಸರಿಯಲ್ಲಿ ಎಂಟು ಮಕ್ಕಳಿಗೆ ಒಬ್ಬರು. ಇಲ್ಲಿ ಎಲ್ಲರಿಗೂ ಅತ್ತಿಗೆ ಒಬ್ಬರೇ, ಸಹಾಯಕಿ ಒಲೆ ಮುಂದೆ. ಸಂಜೆ ಮನೆಯಲ್ಲಿ ಮಕ್ಕಳ ಲೆಕ್ಕ ತುಂಬುವ ಸರ್ಕಾರಿ ಆ್ಯಪ್ ಪೋಷಣ್ ಟ್ರ್ಯಾಕರ್ ಜೊತೆ ಗುದ್ದಾಟ ಬೇರೆ.

ಕರ್ನಾಟಕದಲ್ಲಿ ಅಂಗನವಾಡಿ ಯೋಜನೆ ಶುರುವಾಗಿದ್ದೇ ಪಕ್ಕದ ಟಿ. ನರಸೀಪುರದಲ್ಲಿ, 1975ರಲ್ಲಿ. ಅಂದಿನಿಂದ ಮಕ್ಕಳ ತೂಕ ಬರೆಯುತ್ತಲೇ ಇದ್ದೇವೆ. ಬೇಕಾದ್ದೇ ಅದು. ಆದರೆ ಹುಡುಗ ಬಾಗಿಲಲ್ಲಿ ಯಾಕೆ ಕೂರುತ್ತಾನೆ ಅನ್ನೋದನ್ನು ಅತ್ತಿಗೆ ಎಲ್ಲಿ ಬರೆಯಬೇಕು? ನಾನು ತಪ್ಪಾಗಿ ಬರೆದ ಫೈಲು ಕೂಡ ಲೀಡ್ಸ್‌ನ ಆ ಹೀಟರ್ ಹುಡುಗನ ಜೊತೆ ದೊಡ್ಡ ಸ್ಕೂಲಿಗೆ ಹೋಗುತ್ತದೆ. ಅತ್ತಿಗೆ ಸರಿಯಾಗಿ ತಿಳಿದುಕೊಂಡಿದ್ದು ಅವರ ತಲೆಯಲ್ಲೇ ಉಳಿಯುತ್ತದೆ.

ಫೆಬ್ರವರಿಯಲ್ಲಿ ಫೋನ್ ಮಾಡಿದಾಗ ಕೇಳಿದೆ. ನಮ್ಮೂರ ಕಟಾವು ಮುಗಿದು ಆ ಗುಂಪು ಬೇರೆ ಊರಿಗೆ ಹೋಯಿತಂತೆ. ಅಲ್ಲಿನ ಟೀಚರ್ ಮೊದಲ ದಿನವೇ ಅವನನ್ನು ಒಳಗೆ ಎಳೆದು ಕೂರಿಸಿರಬೇಕು.