ಪಡುವಣ ಗೋಡೆಯ ಲೆಕ್ಕ

ತೀರ್ಥಹಳ್ಳಿಯಿಂದ ಕಲಬುರಗಿಗೆ ವರ್ಗಾವಣೆಯ ಆದೇಶ ಕೈಸೇರಿದ ಸಂಜೆ ನಮ್ಮ ಅತ್ತೆಯವರು ಕೇಳಿದ ಮೊದಲ ಪ್ರಶ್ನೆ, “ಅಲ್ಲಿ ಮನೆಗೆ ಬಾವಿ ಇರುತ್ತೇನೇ?” ಎಂಬುದಾಗಿತ್ತು. ಬಾವಿ ಇರಲಾರದು ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದರೆ ಪಡುವಣ ದಿಕ್ಕಿಗೆ ಬಾಗಿಲಿರುವ ಮನೆಯನ್ನಂತೂ ಹಿಡಿಯಬೇಡ” ಎಂದರು. ಆಗುಂಬೆಯ ಮಳೆಗೆ ನೆರೆಯವರಾದ ನಮಗೆ ಪಡುವಣವೆಂದರೆ ಇರಿಚಲು ಹೊಡೆಯುವ ದಿಕ್ಕು. ಜೂನ್ ಬರುವುದರೊಳಗೆ ಆ ಬದಿಯ ಜಗಲಿಗೆ ಸೋಗೆಯ ತಟ್ಟಿ ಕಟ್ಟಿ ಮುಗಿಸದಿದ್ದರೆ ನಾಲ್ಕು ತಿಂಗಳು ಗೋಡೆ ಒಣಗುವುದಿಲ್ಲ. ಅತ್ತೆಯವರ ಬುದ್ಧಿಮಾತನ್ನು ನಾನು ಮನಸ್ಸಿನಲ್ಲೇ ನಕ್ಕು ತಳ್ಳಿಹಾಕಿದೆ. ಮಳೆಯೇ ಕಡಿಮೆ ಇರುವ ಊರಿನಲ್ಲಿ ಪಡುವಣವಾದರೇನು, ಮೂಡಣವಾದರೇನು?

ಫೆಬ್ರವರಿಯ ಕೊನೆಯಲ್ಲಿ ಮನೆ ಹುಡುಕಲೆಂದು ಬೆಂಗಳೂರಿನಿಂದ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿ ಬೆಳಿಗ್ಗೆ ಕಲಬುರಗಿಯಲ್ಲಿ ಇಳಿದಾಗ, ನಿಲ್ದಾಣದ ಹೊರಗೆ ಗಾಳಿ ಎಷ್ಟು ಹಿತವಾಗಿತ್ತೆಂದರೆ, ಈ ಊರಿನ ಬಿಸಿಲಿನ ಬಗ್ಗೆ ಕೇಳಿದ್ದೆಲ್ಲ ಇಲ್ಲಿಗೆ ಬರಲೊಲ್ಲದ ನೌಕರರು ಕಟ್ಟಿದ ಕಥೆಯೇ ಇರಬೇಕೆಂದು ನಾವಿಬ್ಬರೂ ತೀರ್ಮಾನಿಸಿದೆವು. ಹನ್ನೊಂದು ಗಂಟೆಯೊಳಗೆ ನಾಲ್ಕು ಮನೆಗಳನ್ನು ನೋಡಿದೆವು. ಹೊಸ ಊರಿನಲ್ಲಿ ಬಡಾವಣೆಯನ್ನು ಆರಿಸುವವರು ಸಾಮಾನ್ಯವಾಗಿ ಏನೇನು ನೋಡುತ್ತಾರೋ ಅದನ್ನೆಲ್ಲ ನೋಡಿದೆವು: ರಸ್ತೆ ಅಗಲವಾಗಿದೆಯೇ, ಕಾರು ನಿಲ್ಲಿಸಲು ಜಾಗವಿದೆಯೇ, ಕಚೇರಿ ಎಷ್ಟು ದೂರ, ಔಷಧದ ಅಂಗಡಿ ಎಲ್ಲಿ. ಇವುಗಳಲ್ಲಿ ಒಂದಾದರೂ ತಪ್ಪು ಪ್ರಶ್ನೆಯಲ್ಲ. ಕೇಳಿದ ಹೊತ್ತು ಮಾತ್ರ ತಪ್ಪಾಗಿತ್ತು.

ಅಂದಿನ ಪಟ್ಟಿಯಲ್ಲಿ ಮೂರನೆಯದು ಒಂದು ಹಳೆಯ ಮನೆ. ಅದರ ಬಗ್ಗೆ ದಲ್ಲಾಳಿ ದೂರವಾಣಿಯಲ್ಲಿಯೇ, “ಮನಿ ಮುಂದ ಬೇವಿನ ಗಿಡ ಅದ ರೀ ಅಕ್ಕಾರ, ಮನಿ ಥಂಡ ಅದ” ಎಂದಿದ್ದ. ನಮ್ಮ ಕಡೆ ಗಿಡವೆಂದರೆ ಮೊಣಕಾಲಿನಿಂದ ಎದೆಯವರೆಗಿನದು. ಅದಕ್ಕಿಂತ ಮೇಲೆ ಹೋದರೆ ಮರ. ಕುಂಡದಲ್ಲಿಟ್ಟ ಬೇವಿನ ಸಸಿಯೊಂದು ಮನೆಯನ್ನು ಹೇಗೆ ತಂಪಾಗಿಸೀತು ಎಂದು ನಾನು ಅದನ್ನು ದಲ್ಲಾಳಿಯ ಅಲಂಕಾರವೆಂದೇ ಬಗೆದಿದ್ದೆ. ಹೋಗಿ ನೋಡಿದರೆ, ಇಬ್ಬರು ತಬ್ಬಿದರೂ ಕೈ ಕೂಡದಷ್ಟು ದಪ್ಪದ ಕಾಂಡದ ಮರ. ಕಲಬುರಗಿಯವರು ಎಷ್ಟೇ ದೊಡ್ಡ ಮರವನ್ನಾದರೂ ಗಿಡವೆನ್ನುತ್ತಾರೆಂಬುದು ಆಗ ತಿಳಿಯಿತು. ಆದರೆ ಆ ಮರ ಅಂದು ಅರ್ಧಕ್ಕರ್ಧ ಬೋಳಾಗಿ, ಉಳಿದ ಹಳದಿ ಎಲೆಗಳನ್ನು ಅಂಗಳದ ತುಂಬ ಸುರಿಸುತ್ತ ನಿಂತಿತ್ತು. ಗುಡಿಸುವುದು ಯಾರು ಎಂಬ ಪ್ರಶ್ನೆ ನಮ್ಮಿಬ್ಬರ ಮುಖದಲ್ಲೂ ಮೂಡಿದ್ದನ್ನು ಮನೆಯೊಡತಿ ಓದಿದರು. ಎಪ್ಪತ್ತರ ಆಸುಪಾಸಿನ ಆಕೆ, “ತಂಗೀ, ಈಗ ಉದರ್ತದ. ಉಗಾದಿಗಿ ಬಂದ್ ನೋಡು” ಎಂದರು. ಉಗಾದಿಯವರೆಗೆ ಕಾಯಲು ನಮಗೆ ಪುರುಸೊತ್ತಿರಲಿಲ್ಲ.

ನಾವು ಹಿಡಿದದ್ದು ರಿಂಗ್ ರಸ್ತೆಯಾಚೆಯ ಹೊಸ ಬಡಾವಣೆಯೊಂದರ ಮೇಲಂತಸ್ತಿನ ಮನೆ. ಅಗಲವಾದ ರಸ್ತೆ, ಸುತ್ತ ಖಾಲಿ ನಿವೇಶನಗಳು, ದೊಡ್ಡ ದೊಡ್ಡ ಕಿಟಕಿಗಳು, ಪಡುವಣಕ್ಕೊಂದು ಮೊಗಸಾಲೆ. ಸೂರ್ಯಾಸ್ತವನ್ನು ನೋಡುತ್ತ ಚಹಾ ಕುಡಿಯಬಹುದೆಂದು ಯಜಮಾನರು ಹಿಗ್ಗಿದರು. “ಸೋಲಾರ್ ಅದ ರೀ, ನಲ್ಯಾಗ ಬಿಸಿನೀರು ಬರ್ತದ” ಎಂದು ಮಾಲೀಕರು ಹೆಮ್ಮೆಯಿಂದ ಹೇಳಿದಾಗ ನಾವೂ ಹೆಮ್ಮೆಪಟ್ಟೆವು. ಏಪ್ರಿಲ್ ಬಂತು. ತಣ್ಣೀರಿನ ನಲ್ಲಿಯಲ್ಲೂ ಬಿಸಿನೀರೇ ಬರತೊಡಗಿತು. ತಾರಸಿಯ ಮೇಲಿನ ಕಪ್ಪು ಟ್ಯಾಂಕು ಹತ್ತು ಗಂಟೆಗೇ ಕಾದು, ಮಧ್ಯಾಹ್ನ ಕೈ ತೊಳೆದರೆ ಚುರ್ರೆನ್ನುತ್ತಿತ್ತು. ರಾತ್ರಿಯೇ ಬಕೆಟ್ಟುಗಳಲ್ಲಿ ನೀರು ತುಂಬಿಟ್ಟು ಮರುದಿನ ಅದರಲ್ಲಿ ಸ್ನಾನ ಮಾಡುವುದನ್ನು ಕಲಿತೆವು.

ಮನೆಯ ಮೇಲ್ಭಾಗದ ಬಗ್ಗೆ ಇಷ್ಟು ಹೇಳಲೇಬೇಕು. ಕಲಬುರಗಿ ಇರುವುದು ಹದಿನೇಳು ಡಿಗ್ರಿ ಉತ್ತರ ಅಕ್ಷಾಂಶವನ್ನು ತುಸು ದಾಟಿ. ಮೇ ತಿಂಗಳ ಎರಡನೆಯ ವಾರದ ಹೊತ್ತಿಗೆ ನಡುಹಗಲಿನ ಸೂರ್ಯ ನೇರ ನೆತ್ತಿಯ ಮೇಲೆ ನಿಲ್ಲುತ್ತಾನೆ. ನಿಂತ ಮನುಷ್ಯನ ನೆರಳು ಅವನ ಕಾಲ ಕೆಳಗೇ ಅಡಗುತ್ತದೆ. ಆಮೇಲೆ ಆಗಸ್ಟ್ ಮೊದಲ ವಾರದವರೆಗೆ ಅವನು ನಡುಹಗಲಿನಲ್ಲಿ ಉತ್ತರದ ಕಡೆಗೇ ಸ್ವಲ್ಪ ವಾಲಿರುತ್ತಾನೆ. ಎಂದರೆ, ಬೇಸಿಗೆಯ ನಡುಹಗಲಿನಲ್ಲಿ ತೆಂಕಣ ಗೋಡೆಗೆ ಬಿಸಿಲಿನ ಕಾಟವೇ ಇಲ್ಲ. ಕಾಟವೆಲ್ಲ ತಾರಸಿಗೆ, ಬೆಳಿಗ್ಗೆ ಮೂಡಣ ಗೋಡೆಗೆ, ಮಧ್ಯಾಹ್ನದ ಮೇಲೆ ಪಡುವಣ ಗೋಡೆಗೆ. ಮೂಡಣ ಗೋಡೆ ಕಾಯುವಾಗ ಗಾಳಿ ಇನ್ನೂ ತಣ್ಣಗಿರುತ್ತದೆ. ಪಡುವಣದ್ದು ಕಾಯುವ ಹೊತ್ತಿಗೆ ಊರೇ ಕಾದಿರುತ್ತದೆ. ಕಾಂಕ್ರೀಟಿನ ಛತ್ತಿಗೆ ಹಗಲೆಲ್ಲ ಕುಡಿದ ಶಾಖವನ್ನು ರಾತ್ರಿ ನಿಧಾನವಾಗಿ ನಮ್ಮ ಮೇಲೆ ಬಿಡುವ ಕೆಟ್ಟ ಚಾಳಿಯಿದೆ. ಹೀಗಾಗಿ ನಾವು ಹುಡುಕಿ ಹುಡುಕಿ ಆರಿಸಿದ್ದು, ಛತ್ತೇ ಸೂರಾಗಿರುವ, ಪಡುವಣಕ್ಕೆ ಎದೆ ತೆರೆದ ಮನೆ. ಸೂರ್ಯಾಸ್ತ ಚೆನ್ನಾಗಿಯೇ ಕಾಣುತ್ತಿತ್ತು. ನೋಡಲು ಮೊಗಸಾಲೆಯಲ್ಲಿ ಕಾಲಿಡುವವರು ಮಾತ್ರ ಯಾರೂ ಇರಲಿಲ್ಲ. ಅತ್ತೆಯವರಿಗೆ ಇದನ್ನು ನಾನು ಹೇಳಲಿಲ್ಲ.

ಈ ಭಾಗದ ಸರ್ಕಾರಿ ಕಚೇರಿಗಳು ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ಬೆಳಿಗ್ಗೆ ಎಂಟರಿಂದ ಮಧ್ಯಾಹ್ನ ಒಂದೂವರೆಯವರೆಗೆ ನಡೆಯುತ್ತವೆ. ಹೊರಗಿನವರು ಇದನ್ನು ಕೇಳಿ ಅಸೂಯೆಪಡುವುದುಂಟು. ಆದರೆ ಒಂದೂವರೆಗೆ ಕಚೇರಿಯಿಂದ ಹೊರಬೀಳುವುದೆಂದರೆ ಏನೆಂದು ದ್ವಿಚಕ್ರ ವಾಹನದ ಆಸನದ ಮೇಲೆ ಕುಳಿತವರಿಗೇ ಗೊತ್ತು. ನಕ್ಷೆಯಲ್ಲಿ ಆರು ಕಿಲೋಮೀಟರ್ ಎಂದು ಕಾಣುವ ದೂರ ಎಂಟು ಗಂಟೆಗೆ ಆರೇ ಕಿಲೋಮೀಟರ್. ಒಂದೂವರೆಗೆ ಅದು ಹದಿನಾರಾಗುತ್ತದೆ. ಮುಖಕ್ಕೆ ವಸ್ತ್ರ ಸುತ್ತಿಕೊಂಡು, ಮರವಿಲ್ಲದ ಆ ಅಗಲ ರಸ್ತೆಯಲ್ಲಿ ಸಾಗುತ್ತಿದ್ದಾಗ, ಫೆಬ್ರವರಿಯಲ್ಲಿ ನನಗೆ ಅದರ ಅಗಲ ಏಕೆ ಅಷ್ಟು ಹಿಡಿಸಿತ್ತೆಂದು ನೆನಪಿಸಿಕೊಳ್ಳಲು ಪ್ರಯತ್ನಿಸುತ್ತಿದ್ದೆ.

ನನ್ನ ಪಕ್ಕದ ಮೇಜಿನ ಹಿರಿಯ ಸಹೋದ್ಯೋಗಿಯೊಬ್ಬರು, ಈ ಊರಿನಲ್ಲೇ ಹುಟ್ಟಿ ಬೆಳೆದವರು, ನನ್ನ ಗೋಳನ್ನು ಒಂದು ವಾರ ಕೇಳಿಸಿಕೊಂಡು ಕಡೆಗೆ ಹೇಳಿದರು: “ಮುಂಜಾನಿ ಯಾವ ಮನಿನೂ ಛಲೋನೇ ಕಾಣ್ತದ್ರಿ ಮೇಡಂ. ಮಧ್ಯಾಹ್ನ ಮೂರಕ್ಕ ಹೋಗಿ ಗ್ವಾಡಿಗಿ ಕೈ ಹಚ್ಚಿ ನೋಡ್ರಿ. ರಾತ್ರಿ ಒಂಬತ್ತಕ್ಕ ಅದೇ ಗ್ವಾಡಿಗಿ ಮತ್ತೊಮ್ಮಿ ಹಚ್ರಿ.” ಬಡಾವಣೆಯನ್ನು ಅಂಗೈಯಿಂದ ಆರಿಸುವ ಈ ವಿಧಾನ ನನಗೆ ಬಹಳ ಮೆಚ್ಚುಗೆಯಾಯಿತು. ಅಲ್ಲಿಂದ ಮುಂದೆ, ಊಟವಾದ ಮೇಲೆ ಊರೆಲ್ಲ ಕದವಿಕ್ಕಿ ಮಲಗಿರುವ ಹೊತ್ತಿನಲ್ಲಿ, ಯಜಮಾನರು ಬೇಡವೆಂದರೂ ನಾನು ಕೆಲವು ದಿನ ಊರು ಸುತ್ತಿದೆ.

ಬ್ರಹ್ಮಪುರದ ಹಳೆಯ ಓಣಿಗಳಿಗೆ ಹೋದಾಗ, ನಾನು ಇಕ್ಕಟ್ಟು ಎಂದು ಮೂಗು ಮುರಿದಿದ್ದ ಜಾಗದ ಬುದ್ಧಿವಂತಿಕೆ ಕಾಣಿಸಿತು. ಒಂದು ಮನೆಯ ಗೋಡೆ ಎದುರು ಮನೆಯ ಗೋಡೆಗೆ ನೆರಳು ಕೊಡುತ್ತದೆ; ಸಂಜೆ ಅದು ಕೊಟ್ಟ ಸಾಲವನ್ನು ಬೆಳಿಗ್ಗೆ ಇದು ಮರಳಿಸುತ್ತದೆ. ಅಲ್ಲಲ್ಲಿ ಉಳಿದಿರುವ ಮಣ್ಣಿನ ಮಾಳಿಗೆಯ ಮನೆಗಳಲ್ಲಿ ಗೋಡೆಗಳು ಮೊಳದಷ್ಟು ದಪ್ಪ, ಕಿಟಕಿಗಳು ಚಿಕ್ಕವು, ನೆಲಕ್ಕೆ ಶಹಾಬಾದಿನ ಕಲ್ಲು. ಬರಿಗಾಲಿನಲ್ಲಿ ಆ ಕಲ್ಲಿನ ಮೇಲೆ ನಿಂತರೆ ತಂಪು ಹಿಮ್ಮಡಿಯಿಂದ ಮೇಲೇರುತ್ತದೆ. ಕಿಟಕಿ ದೊಡ್ಡದಿದ್ದಷ್ಟೂ ಮನೆ ತಂಪು ಎಂಬ ಮಲೆನಾಡಿನ ನಂಬಿಕೆ ಇಲ್ಲಿ ನಡೆಯುವುದಿಲ್ಲ. ಹೊರಗಿನ ಗಾಳಿ ಒಳಗಿನದಕ್ಕಿಂತ ಬಿಸಿಯಾಗಿರುವಾಗ ಅದನ್ನು ಕರೆದು ಕೂರಿಸುವುದೇಕೆ? ಇಲ್ಲಿಯವರು ಒಂಬತ್ತು ಗಂಟೆಗೇ ಕಿಟಕಿ ಮುಚ್ಚಿ, ಸೂರ್ಯ ಮುಳುಗಿದ ಮೇಲೆ ತೆರೆಯುತ್ತಾರೆ.

ಒಂದು ಮಧ್ಯಾಹ್ನ ಕೋಟೆಯೊಳಗಿನ ಜಾಮಿಯಾ ಮಸೀದಿಯಲ್ಲಿ ಒಂದು ಗಂಟೆ ಕುಳಿತಿದ್ದೆ. 1367ರಲ್ಲಿ ಕಟ್ಟಿದ ಈ ಮಸೀದಿಗೆ ಬೇರೆಡೆ ಕಾಣುವಂಥ ಬಯಲಂಗಳವಿಲ್ಲ. ನಡುವಿನ ದೊಡ್ಡ ಗುಮ್ಮಟ, ಮೂಲೆಗಳಲ್ಲಿ ನಾಲ್ಕು, ಮಿಕ್ಕ ಜಾಗಕ್ಕೆಲ್ಲ ಎಪ್ಪತ್ತೈದು ಪುಟ್ಟ ಗುಮ್ಮಟಗಳು, ಹೀಗೆ ಇಡೀ ಜಾಗಕ್ಕೆ ಸೂರು ಹೊದಿಸಿದ್ದಾರೆ. ಕಟ್ಟಿಸಿದವರ ಮನಸ್ಸಿನಲ್ಲಿ ಏನಿತ್ತೋ ವಿದ್ವಾಂಸರು ಚರ್ಚಿಸಲಿ; ಮೇ ತಿಂಗಳ ಮೂರು ಗಂಟೆಗೆ ಅದರ ಕಮಾನುಗಳ ನಡುವೆ ಕುಳಿತವಳಿಗೆ ಕಾರಣ ಕೇಳಬೇಕೆನಿಸಲಿಲ್ಲ. 1347ರಲ್ಲಿ ಬಹಮನಿಯವರು ಇಲ್ಲಿ ರಾಜಧಾನಿ ಮಾಡಿದರು; ಮುಂದಿನ ಶತಮಾನದಲ್ಲಿ ಅಹಮದ್ ಷಾ ಅದನ್ನು ಬೀದರಿಗೆ ಒಯ್ದನು. ಬೀದರ್ ಇಲ್ಲಿಗಿಂತ ಇನ್ನೂರು ಮೀಟರಿನಷ್ಟು ಎತ್ತರದಲ್ಲಿದೆ, ಹವೆಯೂ ಮೇಲು. ಸ್ಥಳ ಬದಲಾವಣೆಗೆ ರಾಜಕಾರಣದ ಕಾರಣಗಳೂ ಇದ್ದವು, ನಿಜ. ಆದರೆ ಛತ್ತಿನ ಕೆಳಗೆ ಮೂರು ರಾತ್ರಿ ನಿದ್ದೆಗೆಟ್ಟ ನನಗೆ ಸುಲ್ತಾನನ ಮೇಲೆ ಆ ದಿನ ಬೇರೆಯದೇ ಬಗೆಯ ಸಹಾನುಭೂತಿ ಹುಟ್ಟಿತು.

ಬಿಸಿಲೂರಿನಲ್ಲಿ ತಂಪು ಎಂಬುದು ಕಡೆಗೆ ನೀರಿನ ಮಾತು. ಕೂಲರ್ ಎಂಬ ಯಂತ್ರ, ಒದ್ದೆ ಹುಲ್ಲಿನ ಮೂಲಕ ಗಾಳಿಯನ್ನು ಎಳೆದು ಒಳಕ್ಕೆ ಊದುತ್ತದೆ. ನೀರು ಆವಿಯಾಗುವಾಗ ಗಾಳಿಯ ಶಾಖವನ್ನು ಹೀರುತ್ತದೆ. ಒಣಗಾಳಿಯ ಕಲಬುರಗಿಯಲ್ಲಿ ಅದು ಬಡವರ ಹವಾನಿಯಂತ್ರಕ; ಬೆವರೇ ಆರದ ಮಂಗಳೂರಿನಲ್ಲಿ ಅದನ್ನು ಹಚ್ಚಿದರೆ ಕೋಣೆಗೆ ಇನ್ನಷ್ಟು ಸೆಕೆ ತುಂಬಿಸಿದಂತೆ. ಅಲ್ಲಿ ಮನೆ ಹುಡುಕುವವರು ಕಡಲಗಾಳಿಯ ದಾರಿ ಹುಡುಕಬೇಕು, ಇಲ್ಲಿಯವರು ನೆರಳನ್ನು. ಎರಡೂ ಬಿಸಿಯೂರುಗಳೆಂದು ಒಂದೇ ಬುದ್ಧಿವಾದವನ್ನು ಇಬ್ಬರಿಗೂ ಹಂಚುವಂತಿಲ್ಲ. ನಮ್ಮ ಕೂಲರ್ ದಿನಕ್ಕೆ ಮೂರು ನಾಲ್ಕು ಕೊಡ ನೀರು ಕುಡಿಯುತ್ತಿತ್ತು. ಊರಿನ ನಲ್ಲಿಗೆ ನೀರು ಬರುವುದು ಭೀಮಾ ನದಿಯಿಂದ ಮತ್ತು ಬೆಣ್ಣೆತೊರಾ ಜಲಾಶಯದಿಂದ. ಅದು ಯಾವ ಬಡಾವಣೆಗೆ ಎಷ್ಟು ದಿನಕ್ಕೊಮ್ಮೆ, ಎಷ್ಟು ಹೊತ್ತು ಬರುತ್ತದೆಂಬುದನ್ನು ಮಾಲೀಕರನ್ನು ಕೇಳಿ ಪ್ರಯೋಜನವಿಲ್ಲ, ಪಕ್ಕದ ಮನೆಯ ಹೆಂಗಸರನ್ನು ಕೇಳಬೇಕು. ಅವರು ಕೈಬೆರಳಿನಲ್ಲಿ ವಾರ ಎಣಿಸಿ ಹೇಳುತ್ತಾರೆ. ನಮ್ಮ ಹೊಸ ಬಡಾವಣೆಯಲ್ಲಿ ಉತ್ತರ, “ಟ್ಯಾಂಕರ್ ಬರ್ತದ್ರೀ” ಎಂಬುದಾಗಿತ್ತು.

ಮೇ ಮೊದಲ ವಾರದಲ್ಲಿ, ಮೂರು ಗಂಟೆಗೆ, ನಾನು ಬೇವಿನ ಮರದ ಮನೆಯ ಮುಂದೆ ಹೋಗಿ ನಿಂತೆ. ಬೇವು ಬೇಸಿಗೆಯ ಬಾಗಿಲಲ್ಲಿ ಎಲೆಯುದುರಿಸಿ, ಉಗಾದಿಯ ಹೊತ್ತಿಗೆ ಚಿಗುರಿ, ನಮಗೆ ಬೇಕಾದ ಹೊತ್ತಿಗೆ ಸರಿಯಾಗಿ ತುಂಬಿಕೊಳ್ಳುವ ಮರ. ಅದೇ ಮರ ಈಗ ಅಂಗಳವನ್ನೂ ಅರ್ಧ ರಸ್ತೆಯನ್ನೂ ಪಕ್ಕದ ಮನೆಯ ಜಗುಲಿಯನ್ನೂ ತನ್ನೊಳಗೆ ಸೇರಿಸಿಕೊಂಡಿತ್ತು. ಕೆಳಗೆ ಇಸ್ತ್ರಿ ಗಾಡಿಯವನೊಬ್ಬ, ಕೊತ್ತಂಬರಿಯ ಬುಟ್ಟಿಗೆ ಒದ್ದೆ ಗೋಣಿ ಹೊದಿಸಿ ತೂಕಡಿಸುತ್ತಿದ್ದ ಮುದುಕಿ, ಮೂರು ನಾಯಿಗಳು. ನಾನು ಪಡುವಣ ಗೋಡೆಗೆ ಅಂಗೈ ಇಟ್ಟೆ. ಉಗುರುಬೆಚ್ಚಗಿತ್ತು. ಒಳಗಿನಿಂದ ಮನೆಯೊಡತಿ, “ಯಾರವ್ವಾ ಅದು, ಗ್ವಾಡಿ ಹಿಡ್ಕೊಂಡು ನಿಂತಾಕಿ?” ಎಂದು ಕೇಳುತ್ತ ಬಂದವರು ಗುರುತು ಹಿಡಿದು ನಕ್ಕರು. ಮನೆ ಖಾಲಿ ಇತ್ತು; ನಮಗಾಗಿ ಅಲ್ಲ, ಅವರ ಮಗ ಬೆಂಗಳೂರಿನಿಂದ ಬರುವುದು ತಪ್ಪಿತ್ತು. ಬಾಡಿಗೆಯನ್ನು ಫೆಬ್ರವರಿಯಲ್ಲಿ ಹೇಳಿದ್ದಕ್ಕಿಂತ ಐನೂರು ರೂಪಾಯಿ ಹೆಚ್ಚು ಹೇಳಿದರು. ಯಾಕೆಂದು ಕೇಳಿದರೆ ಮರದ ಕಡೆ ಕತ್ತು ಎತ್ತಿ ತೋರಿಸಿದರು. ಚೌಕಾಸಿ ಮಾಡುವ ನೈತಿಕ ಹಕ್ಕು ನನಗಿರಲಿಲ್ಲ.

ಈ ಬಡಾವಣೆಯಲ್ಲಿ ಕೊರತೆಗಳು ಇಲ್ಲವೆಂದಲ್ಲ. ಕಾರು ಇಲ್ಲಿ ಎರಡು ಮನೆಯಾಚೆ ನಿಲ್ಲುತ್ತದೆ, ಅದರ ಮೇಲೆ ಕಾಗೆಗಳ ಸಹಿ ಇರುತ್ತದೆ. ಮದುವೆಯ ಕಾಲದಲ್ಲಿ ಮೆರವಣಿಗೆಗಳು ರಾತ್ರಿ ಹನ್ನೊಂದಕ್ಕೆ ನಮ್ಮ ಕಿಟಕಿಯ ಮುಂದೆಯೇ ಹಾಡು ಬದಲಿಸುತ್ತವೆ. ಬೇವಿನ ಹಣ್ಣು ಉದುರುವಾಗ ಅಂಗಳ ಜಾರುತ್ತದೆ. ಆದರೆ ಸಂಜೆ ತಾರಸಿಗೆ ನಾಲ್ಕು ಬಕೆಟ್ಟು ನೀರು ಚಿಮುಕಿಸಿದಾಗ ಏಳುವ ಮಣ್ಣಿನ ವಾಸನೆ, ಹಾಸಿಗೆ ಬಿಡಿಸುವ ಹೊತ್ತಿಗೆ ಅಕ್ಕಪಕ್ಕದ ತಾರಸಿಗಳಿಂದ ಕೇಳುವ ಮಾತು, “ಅಕ್ಕಾರ, ಊಟ ಆತೇನ್ರಿ?” ಎಂಬ ಪ್ರಶ್ನೆ, ಇವು ಹೊಸ ಬಡಾವಣೆಯಲ್ಲಿ ಸಿಕ್ಕಿರಲಿಲ್ಲ. ಅಲ್ಲಿ ತಾರಸಿಗಳ ನಡುವೆ ಎರಡೆರಡು ಖಾಲಿ ನಿವೇಶನಗಳಿದ್ದವು, ಮಾತು ದಾಟುತ್ತಿರಲಿಲ್ಲ. ಮೊದಲ ಮಳೆಗೆ ಆ ನಿವೇಶನಗಳ ಎರೆಮಣ್ಣು ಅಂಟಾಗಿ ಚಕ್ರಗಳನ್ನು ಹಿಡಿದಿಟ್ಟುಕೊಳ್ಳುತ್ತದೆಂದು ಆಮೇಲೆ ಕೇಳಿದೆ. ಕೆಮ್ಮಣ್ಣಿನವಳಾದ ನನಗೆ ಅದು ಹೊಳೆದೂ ಇರಲಿಲ್ಲ.

ಮನೆಯೊಡತಿ ಪಡುವಣದ ಕಿಟಕಿಗೆ ಲಾವಂಚದ ಬೇರಿನದೊಂದು ತಟ್ಟಿ ಕಟ್ಟಿಸಿಕೊಟ್ಟಿದ್ದರು. ದಿನಕ್ಕೆ ಮೂರು ಸಲ ಅದಕ್ಕೆ ನೀರು ಚಿಮುಕಿಸುವುದು ನನ್ನ ಕೆಲಸವಾಯಿತು. ತಟ್ಟಿ ಎಂಬ ಅದೇ ಹೆಸರು, ಅದೇ ಪಡುವಣ ದಿಕ್ಕು; ಅತ್ತೆಯವರಿಗೆ ಫೋನಿನಲ್ಲಿ ಹೇಳಿದಾಗ ಅವರು, “ಅಂತೂ ಪಡುವಣಕ್ಕೆ ತಟ್ಟಿ ಕಟ್ಟಿದಿರಿ” ಎಂದು ಗೆದ್ದವರ ದನಿಯಲ್ಲಿ ಹೇಳಿದರು. ಜೂನ್ ಎರಡನೆಯ ವಾರದಲ್ಲಿ ಒಂದು ಸಂಜೆ ಮೋಡ ಕಟ್ಟಿ, ದಪ್ಪ ಹನಿಗಳು ಬೀಳತೊಡಗಿದವು. ಹುಟ್ಟೂರಿನ ಅಭ್ಯಾಸದಿಂದ ನನ್ನ ಕೈಗಳು ತಾವಾಗಿಯೇ ಕಿಟಕಿಯ ಬಳಿ ಹೋಗಿ ತಟ್ಟಿಯ ಹಗ್ಗವನ್ನು ಇನ್ನಷ್ಟು ಬಿಗಿಯಾಗಿ ಕಟ್ಟುತ್ತಿದ್ದವು. ಕೆಳಗಿನಿಂದ ಮನೆಯೊಡತಿ ಕೂಗಿದರು: “ತಂಗೀ, ಏನ್ ಮಾಡಾಕತ್ತಿ? ಮಳಿ ಬಂತು, ತಟ್ಟಿ ಬಿಚ್ಚು!”