ತಾರೀಖು ಇಲ್ಲದ ನಕ್ಷೆ

ಎಮ್ಮಾ ವಿಲ್ಲಾರ್ಡ್ ಹೆಸರು ಬಂದಾಗೆಲ್ಲ 'ಅಮೆರಿಕದಲ್ಲಿ ಹೆಣ್ಣುಮಕ್ಕಳ ಓದಿಗೆ ದುಡಿದವರು' ಅಂತ ಹೇಳಿ ಮುಗಿಸಿಬಿಡುತ್ತಾರೆ. ಅದು ನಿಜವೇ. 1821ರಲ್ಲಿ ನ್ಯೂಯಾರ್ಕ್ ರಾಜ್ಯದ ಟ್ರಾಯ್‌ನಲ್ಲಿ ಶಾಲೆ ತೆರೆದರು. ಆದರೆ ಆಕೆಯ ನಕ್ಷೆಗಳ ಬಗ್ಗೆ ಮಾತಾಡುವವರು ಕಡಿಮೆ. ನನಗೆ ಜಾಸ್ತಿ ಕುತೂಹಲ ಇರೋದೇ ಅಲ್ಲಿ.

ಕಣ್ಣಿಗೆ ಬಿದ್ದದ್ದು ತಲೆಯಲ್ಲಿ ಉಳಿಯುತ್ತದೆ ಅನ್ನೋದು ಆಕೆಯ ನಂಬಿಕೆ. 1828ರಲ್ಲಿ ಅಮೆರಿಕದ ಇತಿಹಾಸ ಬರೆದಾಗ ಜೊತೆಗೆ ಒಂದು ಸಾಲು ನಕ್ಷೆಗಳನ್ನೂ ಕೊಟ್ಟರು. 1578ರದ್ದು ಒಂದು, 1620ರದ್ದು ಇನ್ನೊಂದು, ಹೀಗೆ. ನೆಲ ಅದೇ, ಇಸವಿ ಬೇರೆ. ಹಾಳೆ ತಿರುಗಿಸುತ್ತಾ ಹೋದರೆ ಒಂದು ದೇಶ ಹುಟ್ಟಿ ಬೆಳೆಯುವುದು ಕಾಣುತ್ತದೆ. ಈಗ ಇದು ಮಾಮೂಲಿ ಅನ್ನಿಸಬಹುದು. ಆಗ ಶಾಲೆಯ ಮಕ್ಕಳಿಗೆ ಇತಿಹಾಸವನ್ನು ಹೀಗೆ ತೋರಿಸಿದವರು ಅಲ್ಲಿ ಯಾರಿದ್ದರು?

1846ರಲ್ಲಿ ಆಕೆ ನೆಲವನ್ನೇ ಬಿಟ್ಟು ಬರೀ ಕಾಲದ ನಕ್ಷೆ ಬರೆದರು: 'ಕಾಲದ ದೇಗುಲ'. ಕಂಬಗಳೇ ಶತಮಾನಗಳು. ಕೆಳಗೆ ನೆಲದ ಮೇಲೆ ರಾಜ್ಯಗಳು ಹರಿದು ಬರುತ್ತವೆ, ಮೇಲೆ ಚಾವಣಿಯಲ್ಲಿ ಕವಿಗಳು, ಯೋಧರು, ರಾಜಕಾರಣಿಗಳ ಹೆಸರು. ನಿಜ ಹೇಳಬೇಕೆಂದರೆ, ಅಕ್ಷರ ತುಂಬಿ ಉಸಿರುಗಟ್ಟುತ್ತದೆ. ಆದರೂ ಎಂಥ ಧೈರ್ಯ! ಹತ್ತಿರದ ಶತಮಾನ ದೊಡ್ಡದು, ದೂರದ್ದು ಚಿಕ್ಕದು. ಹಳೆಯ ಕಾಲ ನಮಗೆ ಕಾಣುವುದೂ ಹಾಗೇ ಅಲ್ವಾ?

ನನ್ನ ತಕರಾರು ಇರೋದು 1828ರ ನಕ್ಷೆಗಳ ಮೇಲೆ. ಅದರಲ್ಲೂ ಮೊಟ್ಟಮೊದಲ ಹಾಳೆಯ ಮೇಲೆ. ಅದು ಮೂಲನಿವಾಸಿ ಬುಡಕಟ್ಟುಗಳ ಅಲೆದಾಟದ ನಕ್ಷೆ. ನೂರಾರು ವರ್ಷಗಳ ಓಡಾಟವನ್ನು ಒಂದೇ ಹಾಳೆಗೆ ತುಂಬಿದ್ದಾರೆ. ಆಮೇಲಿನ ನಕ್ಷೆಗಳಿಗೆಲ್ಲ ಇಸವಿ ಇದೆ, ಇದಕ್ಕಿಲ್ಲ. ಇದನ್ನು 'ಮೊದಲನೇ ನಕ್ಷೆ' ಅಂತಲೂ ಎಣಿಸಿಲ್ಲ, ಬರೀ ಪೀಠಿಕೆ. ಅಂದರೆ ಇತಿಹಾಸ ಶುರುವಾಗೋದು ಯುರೋಪಿನವರು ಬಂದ ಮೇಲೆ. ಅದಕ್ಕೆ ಮುಂಚೆ ಇದ್ದವರಿಗೆ ಕಾಲವೇ ಇಲ್ಲ.

'ಆ ಕಾಲದಲ್ಲಿ ಎಲ್ಲರೂ ಹಾಗೇ ಯೋಚಿಸುತ್ತಿದ್ದರು' ಅನ್ನುವ ಸಮಾಧಾನ ನನಗೆ ಒಪ್ಪಿಗೆ ಇಲ್ಲ. ಬೇರೆಯವರಿಗೆ ಹೊಳೆಯದ್ದು ಆಕೆಗೆ ಹೊಳೆದಿತ್ತು ಅಂತ ತಾನೇ ನಾವು ಹೊಗಳುತ್ತಿರುವುದು? ಕಾಲವನ್ನು ನಕ್ಷೆಗೆ ತರಬಲ್ಲವರು ಆ ಜನರಿಗೆ ಮಾತ್ರ ಅದನ್ನು ಕೊಡಲಿಲ್ಲ. ಚೆರೋಕೀ ಅನ್ನುವ ಮೂಲನಿವಾಸಿ ಬುಡಕಟ್ಟಿನ ಜನ ಆಗ ಇನ್ನೂ ತಮ್ಮ ನೆಲದಲ್ಲೇ ಇದ್ದರು. ಎರಡೇ ವರ್ಷಕ್ಕೆ, 1830ರಲ್ಲಿ, ಇಂಥವರನ್ನು ಮಿಸಿಸಿಪ್ಪಿ ನದಿಯಾಚೆ ಸಾಗಿಸುವ ಕಾನೂನು ಬಂತು. ಆಕೆಯ ಪಠ್ಯಪುಸ್ತಕಗಳು ಲಕ್ಷಗಟ್ಟಲೆ ಖರ್ಚಾದವು.