ಮುಂಗಡ ಕೊಟ್ಟ ಬಾಯಾರಿಕೆ

ಅಳಿಯ ಪುಣೆಯಿಂದ ಫೋನ್ ಮಾಡಿದಾಗ ಸ್ಪೀಕರ್ ಆನ್ ಇತ್ತು. ಎಲ್ಲ ಎಡವಟ್ಟಿಗೂ ಅದೇ ಮೂಲ.

"ಮಾಮಾ, ನಮ್ಮ ನಾಲ್ಕೂ ಮಂದಿಯ ಹಡಗಿನ ಟೂರಿಂದು ಬುಕಿಂಗ್ ಆಯ್ತು. ಡ್ರಿಂಕ್ಸ್ ಪ್ಯಾಕೇಜ್ ಯಾವ್ದು ಹಾಕ್ಲಿ? ಒಂದು ಬರೇ ಜ್ಯೂಸು, ಕೂಲ್‌ಡ್ರಿಂಕ್ಸಿಂದು. ಇನ್ನೊಂದು ಎಲ್ಲಾ ಸೇರಿ."

ನಮ್ಮನೆಯವರು ಕೈಯಲ್ಲಿದ್ದ ಪೇಪರ್ ಮಡಚಿದರು. ಮತ್ತೆ ಬಿಚ್ಚಿದರು. ನನ್ನ ಕಡೆ ನೋಡಿದರು. ನಾನು ತೊಗರಿಬೇಳೆ ಹಸನು ಮಾಡುತ್ತಿದ್ದೆ, ಮಾಡುತ್ತಲೇ ಇದ್ದೆ. ಕಡೆಗೆ ಗಂಟಲು ಸರಿ ಮಾಡಿಕೊಂಡು, "ನಮಗೇನ್ ಬೇಕ್ರಿ, ಚಹಾ ಸಿಕ್ರ ಸಾಕು" ಅಂದರು.

ಅದು ಸುಳ್ಳು ಅಂತ ಅಳಿಯನಿಗೆ ಗೊತ್ತು. ಅಳಿಯನಿಗೆ ಗೊತ್ತಿದೆ ಅಂತ ಇವರಿಗೂ ಗೊತ್ತು. ಆಗೊಮ್ಮೆ ಈಗೊಮ್ಮೆ ಗೆಳೆಯರ ಜೊತೆ ಒಂದು ಪೆಗ್ ಹಾಕಿಕೊಂಡು, ಏಲಕ್ಕಿ ಅಗಿಯುತ್ತ ಮನೆಗೆ ಬಂದು, ಎಂದಿಗಿಂತ ಜಾಸ್ತಿ ಗಂಭೀರವಾಗಿ ಟೀವಿಯಲ್ಲಿ ನ್ಯೂಸ್ ನೋಡುವ ಮನುಷ್ಯ. ಕಲಬುರಗಿಯಲ್ಲಿ ಇಷ್ಟು ವರ್ಷ ಇದು ಯಾರ ಬಾಯಿಗೂ ಬರದೆ ಚೆನ್ನಾಗಿಯೇ ನಡೆದಿತ್ತು. ಈಗ ಯಾವುದೋ ಹಡಗಿನ ಕಂಪನಿಯವರು ಹೌದೋ ಅಲ್ಲವೋ ಟಿಕ್ ಹಾಕಿ ಅನ್ನುತ್ತಿದ್ದಾರೆ. ಅದೂ ಅಳಿಯನ ಕೈಯಿಂದ.

ಫೋನ್ ಇಟ್ಟ ಮೇಲೆ ಮದುವೆ ಕಾರ್ಡೊಂದರ ಹಿಂದೆ ಲೆಕ್ಕ ಶುರುವಾಯಿತು. ಸಿಂಗಪುರದಿಂದ ಹೊರಟು ಪೆನಾಂಗ್, ಫುಕೆಟ್ ಮುಟ್ಟಿ ವಾಪಸ್ ಬರುವ ಹಡಗು. ಪ್ಯಾಕೇಜಿನ ದರ ಹಡಗಿಗೊಂದು, ದಿನಕ್ಕೊಂದು. ನಮಗೆ ತೋರಿಸಿದ್ದು ತಲೆಗೆ ದಿನಕ್ಕೆ 80 ಡಾಲರ್. ಅದರ ಮೇಲೆ 18% ಟಿಪ್ಸು. ಕೊಡೋದು ಬಿಡೋದು ನಮ್ಮ ಇಷ್ಟ ಅಲ್ಲ, ಅವರೇ ಬಿಲ್ಲಿಗೆ ಸೇರಿಸಿರುತ್ತಾರೆ. ಬಿಡಿಯಾಗಿ ಕೊಂಡರೆ ಒಂದು ಕಾಕ್‌ಟೇಲ್‌ಗೆ 13 ಡಾಲರ್ ಆಜುಬಾಜು, ಅದಕ್ಕೂ ಅದೇ 18%. ಅಂದರೆ ದಿನಕ್ಕೆ 6 ಗ್ಲಾಸ್ ದಾಟಿದವರಿಗೆ ಮಾತ್ರ ಲಾಭ. ಒಂದೇ ದಿನಕ್ಕೆ ಸಾಕು ಅನ್ನೋ ಹಾಗೂ ಇಲ್ಲ. ಹತ್ತಿದಾಗಿನಿಂದ ಇಳಿಯೋ ತನಕ ಎಲ್ಲ ದಿನಕ್ಕೂ ತಗೋಬೇಕು. ಬಂದರಿನಲ್ಲಿ ಇಳಿದು ಊರು ಸುತ್ತುವ ದಿನವೂ ಆ 80 ಡಾಲರ್ ಹೋಗುತ್ತಲೇ ಇರುತ್ತೆ.

ಇಲ್ಲಿವರೆಗೂ ನಾನು ಸುಮ್ನೆ ಇದ್ದೆ. ಮುಂದಿನ ನಿಯಮ ಓದಿದಾಗ ಸಿಟ್ಟು ಬಂತು. ಒಂದು ಕೋಣೆಯಲ್ಲಿ ಒಬ್ಬರು ಮದ್ಯದ ಪ್ಯಾಕೇಜ್ ತಗೊಂಡರೆ ಅದೇ ಕೋಣೆಯ ಉಳಿದ ದೊಡ್ಡವರೂ ತಗೊಳ್ಳಬೇಕಂತೆ. ಯಾಕೆ? ಒಬ್ಬರ ಹೆಸರಲ್ಲಿ ಇಬ್ಬರು ಕುಡಿಯಬಾರದು ಅಂತ. ಜೀವಮಾನದಲ್ಲಿ ಚಹಾ ಬಿಟ್ಟು ಬೇರೆ ಮುಟ್ಟದ ನಾನು ಇವರ ಗ್ಲಾಸಿಗೆ ಕದ್ದು ಬಾಯಿ ಹಾಕುತ್ತೇನೆ ಅಂತ ಸಮುದ್ರದಾಚೆಯವರಿಗೆ ಅನುಮಾನ! ಆ ಅನುಮಾನಕ್ಕೆ ದಂಡ ದಿನಕ್ಕೆ 80 ಡಾಲರ್. ಇಬ್ಬರ ದುಡ್ಡು ವಸೂಲಾಗಬೇಕಾದರೆ ಇವರೊಬ್ಬರೇ ದಿನಕ್ಕೆ 12 ಗ್ಲಾಸ್ ಮೇಲೆ ಏರಿಸಬೇಕು. ಕಾರ್ನಿವಲ್ ಅನ್ನೋ ಇನ್ನೊಂದು ಕಂಪನಿ ತನ್ನ ಪ್ಯಾಕೇಜಿನಲ್ಲಿ 24 ಗಂಟೆಗೆ 15 ಗ್ಲಾಸ್ ಮದ್ಯ ಅಂತ ಮಿತಿ ಹಾಕಿದೆ. ಅದನ್ನು ಓದಿ ಇವರ ಮುಖ ಅರಳಿತು. "ನೋಡು, ಹದಿನೈದರ ತನಕ ಹೋಗೋರೂ ಇರ್ತಾರ. ನನ್ನ ಒಂದು ಪೆಗ್ಗಿಗೇ ನೀ ಮಾರಿ ಗಂಟ್ ಹಾಕ್ತಿ."

ಮುಂಗಡ ಕೊಟ್ಟು ಆಮೇಲೆ ವಸೂಲಿಗೆ ನಿಲ್ಲುವ ವಿಷಯ ಬಂದರೆ ನನಗೆ ನಮ್ಮ ಕಾಕಾ ನೆನಪಾಗದೆ ಇರುವುದಿಲ್ಲ. ಇದರಲ್ಲಿ ದೊಡ್ಡ ತತ್ವವೇ ಅಡಗಿದೆ, ಹೇಳ್ತೀನಿ, ತಡೀರಿ.

ಕಾಕಾ ಇನ್ನೂ ಲಗ್ನವಾಗಿರಲಿಲ್ಲ. ಕಲಬುರಗಿಯ ನೆಹರು ಗಂಜಿನಲ್ಲಿ ದಾಲ್‌ಮಿಲ್ ಒಂದರ ಲೆಕ್ಕ ಬರೆಯುತ್ತಿದ್ದ. ಊಟ ಹತ್ತಿರದ ಖಾನಾವಳಿಯಲ್ಲಿ. ತಿಂಗಳ ಮೊದಲ ದಿನ ಮುಂಗಡ ಕೊಟ್ಟುಬಿಟ್ಟರೆ ಎರಡು ಹೊತ್ತು ರೊಟ್ಟಿ, ಪುಂಡಿಪಲ್ಯ, ಬೇಳೆ, ಶೇಂಗಾ ಹಿಂಡಿ, ಮಜ್ಜಿಗೆ, ಎಷ್ಟು ಬೇಕೋ ಅಷ್ಟು. ಉಣ್ಣದ ಹೊತ್ತಿಗೆ ದುಡ್ಡು ವಾಪಸ್ ಇಲ್ಲ. ಈ ಕಡೆಯ ಮಾತು ಕಾಕಾನ ಬದುಕನ್ನೇ ತಿಂದುಹಾಕಿತು. ಜ್ವರ ಬಂದರೂ ಕಂಬಳಿ ಹೊದ್ದು ಖಾನಾವಳಿಗೆ ಹೋಗುತ್ತಿದ್ದ. ಗೆಳೆಯರ ಲಗ್ನಕ್ಕೆ ಖಾನಾವಳಿಯಲ್ಲಿ ಉಂಡೇ ಹೋಗಿ, ಪಂಕ್ತಿಯಲ್ಲಿ ಬರೀ ನೀರು ಕುಡಿದು, ಅಕ್ಷತೆ ಹಾಕಿ ಬರುತ್ತಿದ್ದ. ಒಂದು ಹೆಣ್ಣಿನ ಕಡೆಯವರು ನೋಡಲು ಕರೆದಾಗ ಅವರು ಕೊಟ್ಟ ಶಿರಾ ಮುಟ್ಟಲಿಲ್ಲ. ಹುಡುಗಿ ಒಪ್ಪಿಗೆ ಇಲ್ಲ ಅಂದುಕೊಂಡು ಅವರು ಆ ಸಂಬಂಧವನ್ನೇ ಬಿಟ್ಟರು.

ಇದೆಲ್ಲ ಹೋಗಲಿ. ಎಳ್ಳ ಅಮಾವಾಸ್ಯೆ ಬಂತು. ನಮ್ಮ ಭಾಗದಲ್ಲಿ ಆ ದಿನ ಮನೆಯಲ್ಲಿ ಯಾರೂ ಇರುವುದಿಲ್ಲ, ಎಲ್ಲರೂ ಹೊಲದಲ್ಲೇ. ಆಳಂದದ ಕಡೆಯ ನಮ್ಮ ಹೊಲಕ್ಕೆ ಆಯಿ ಹಿಂದಿನ ರಾತ್ರಿಯೆಲ್ಲ ನಿದ್ದೆಗೆಟ್ಟು ಮಾಡಿದ ಭಜ್ಜಿ, ಸಜ್ಜಿ ಕಡಬು, ಶೇಂಗಾ ಹೋಳಿಗೆ, ಅಂಬಲಿ ಗಾಡಿಯಲ್ಲಿ ಬಂದವು. ಭೂಮಿತಾಯಿಗೆ ಎಡೆ ಅಂತ ಹೊಲದ ತುಂಬ ಚರಗ ಚೆಲ್ಲಿದ್ದಾಯಿತು. ಎಲ್ಲರೂ ಸಾಲಾಗಿ ಕೂತರು. ಕಾಕಾ ಚೀಲದಿಂದ ಒಂದು ಪೇಪರ್ ಪೊಟ್ಟಣ ತೆಗೆದ. ಒಳಗೆ ಕಡಕ್ ಆಗಿದ್ದ ನಾಲ್ಕು ರೊಟ್ಟಿ, ಹಿಂಡಿ. ಹಬ್ಬಕ್ಕೆ ಖಾನಾವಳಿ ಬಂದ್. ಮಾಲಕರೂ ಅವರ ಹೊಲಕ್ಕೆ ಹೋಗಿದ್ದರು. ಕಾಕಾ ಹಿಂದಿನ ರಾತ್ರಿಯೇ ಜಗಳ ಮಾಡಿ ಆ ದಿನದ ಪಾಲು ಕಟ್ಟಿಸಿಕೊಂಡು ಬಂದಿದ್ದ.

"ಮುಂಗಡ ಕೊಟ್ಟೀನವ್ವಾ, ಬಿಟ್ರ ಹ್ಯಾಂಗ?"

ಆಯಿ ಏನೂ ಅನ್ನಲಿಲ್ಲ. ಆ ಪೊಟ್ಟಣವನ್ನು ಕೈಯಿಂದ ಕಿತ್ತುಕೊಂಡು ಎತ್ತುಗಳ ಮುಂದೆ ಹಾಕಿದಳು. ಎತ್ತುಗಳು ತಿಂದವು. ಕಾಕಾ ಮರುದಿನ ಊರಿಗೆ ಹೋಗಿ ಎರಡು ಹೊತ್ತಿನದು ಒಂದೇ ಹೊತ್ತಿಗೆ ಉಂಡನಂತೆ. ಆಮೇಲೆ ಎರಡು ದಿನ ದಾಲ್‌ಮಿಲ್ಲಿಗೆ ರಜೆ.

ಏನು ಹೇಳಲು ಹೊರಟಿದ್ದೆ? ಹಾಂ, ತತ್ವ. ಅದು ಇರಲಿ, ಮೊದಲು ಚಹಾದ ಮಾತು ಮುಗಿಸುತ್ತೇನೆ.

ಹಡಗಿನಲ್ಲಿ ಕುಡಿಯುವ ನೀರು, ಬಫೆಯ ಚಹಾ, ಸಾದಾ ಕಾಫಿಗೆ ದುಡ್ಡಿಲ್ಲ. ಬಾಟಲಿ ನೀರಿಗೆ ದುಡ್ಡು, ಮಷೀನಿನ ನೊರೆ ಕಾಫಿಗೂ ದುಡ್ಡು. ಬೇಸಿಗೆಯಲ್ಲಿ ದಾರಿಹೋಕರಿಗೆ ಅರವಟ್ಟಿಗೆ ಇಡುವ ಊರಿನವರು ನಾವು, ನೀರಿನ ಬಾಟಲಿಗೆ ಡಾಲರ್ ಕೊಡೋದು ನನ್ನಿಂದ ಆಗದು. ಚಹಾ ಪುಕ್ಕಟೆ ಅಂತ ಖುಷಿಪಟ್ಟೆ. ಹೋಗಿ ಬಂದ ಪಕ್ಕದ ಮನೆ ಅಕ್ಕ ಹೇಳಿದರು: ಬಿಸಿನೀರು, ಅದರೊಳಗೆ ದಾರ ಕಟ್ಟಿದ ಚೀಲ, ಪಕ್ಕದಲ್ಲಿ ತಣ್ಣನೆ ಹಾಲು. ಅದನ್ನು ಚಹಾ ಅನ್ನುವವರ ಜೊತೆ ನನಗೆ ಮಾತಿಲ್ಲ. ನೀರು ಕಾಯಿಸುವ ಕಾಯಿಲ್ ಒಯ್ಯೋಣ ಅಂದರೆ ಬೆಂಕಿಯ ಭಯಕ್ಕೆ ಅದನ್ನು ಹಡಗಿನೊಳಗೆ ಬಿಡುವುದಿಲ್ಲ. ಶುಂಠಿ ಹಾಕಿ ಕುದಿಸಿದ ಚಹಾದ ಪ್ಯಾಕೇಜ್ ಇಡಲಿ, ನಾನೇ ಮೊದಲು ಟಿಕ್ ಹಾಕ್ತೀನಿ. ಅದೊಂದು ಬಿಟ್ಟು ಎಲ್ಲಾ ಇಟ್ಟಿದ್ದಾರೆ.

ಇವರ ಗೆಳೆಯರೊಬ್ಬರು ಬೇರೆ ದಾರಿ ಹೇಳಿಕೊಟ್ಟರು. ಕೊಬ್ಬರಿ ಎಣ್ಣೆ ಬಾಟಲಿಯಲ್ಲಿ ಮದ್ಯ ತುಂಬಿಕೊಂಡು ಹೋಗಿ ಅಂತ. ಹಡಗಿನಲ್ಲೂ ವಿಮಾನದ ಹಾಗೆ ಬ್ಯಾಗ್ ಸ್ಕ್ಯಾನ್ ಮಾಡ್ತಾರೆ. ಬಂದರಿನಲ್ಲಿ ಕೊಂಡ ಬಾಟಲಿಯನ್ನೂ ತೆಗೆದಿಟ್ಟುಕೊಂಡು ಕಡೆ ದಿನ ಕೊಡ್ತಾರೆ. ಇಷ್ಟು ಹೇಳಿದರೂ ಇವರು ಸ್ನಾನದ ಮನೆಯಲ್ಲಿದ್ದ ಎಣ್ಣೆ ಬಾಟಲಿಯನ್ನು ಒಂದು ಸಲ ಎತ್ತಿ ನೋಡಿ ಇಟ್ಟರು. ನಾನು ನೋಡಿದೆ.

ಹತ್ತಿದ ಮೇಲೆ ಕೊಂಡರೆ ಮೊದಲೇ ಕೊಂಡದ್ದಕ್ಕಿಂತ ಜಾಸ್ತಿ ಬೀಳುತ್ತೆ ಅಂತ ಅವಸರ ಬೇರೆ. ನಿನ್ನೆ ಮಗಳು ಫೋನ್ ಮಾಡಿ ಒಂದೇ ಮಾತಿನಲ್ಲಿ ಬಗೆಹರಿಸಿದಳು. "ಮಮ್ಮಿ, ಕೋಣೆಗೊಂದು ನಿಯಮ ಅಲ್ಲೇನು? ನಾವಿಬ್ರು ಒಂದ್ರಾಗ ಇರೋಣು. ಅಪ್ಪ ಮತ್ತ ಇವರು ಒಂದ್ರಾಗ ಇರ್ಲಿ. ಇಬ್ರಿಗೂ ಎಲ್ಲಾ ಸೇರಿ ಹಾಕಿಬಿಡ್ತೀನಿ."

ಲೆಕ್ಕದಲ್ಲಿ ಒಂದು ಪೈಸೆ ತಪ್ಪಿಲ್ಲ. ಮಾವ ಅಳಿಯ ಒಂದೇ ಕೋಣೆಯಲ್ಲಿ, ಎದುರು ಬದುರು, ದಿನವಿಡೀ, ಮಿತಿ ಇಲ್ಲದೆ. ಇದನ್ನು ಕೇಳಿದಾಗಿನಿಂದ ಇವರು ತನಗೆ ನೀರು ಅಂದರೆ ತಲೆ ತಿರುಗುತ್ತೆ, ಹಡಗೇ ಬೇಡ, ತಿರುಪತಿಗೆ ಹೋಗೋಣ ಅನ್ನುತ್ತಿದ್ದಾರೆ. ಅಳಿಯನ ಫೋನ್ ಅಂತೂ ಇನ್ನೂ ಸ್ವಿಚ್ ಆಫ್.